ನೋಡದ ಮನೆಯ ಬಾಗಿಲು

ಪಕ್ಕದ ಊರಿನ ಮುನಿರಾಜುವಿನ ಮನೆ ಹಿಂದೆ ಪೊಲೀಸರು ಚಪ್ಪಡಿ ಎತ್ತಿ ಚಿನ್ನದ ಸರ ತೆಗೆದದ್ದನ್ನು ನಾನು ನೋಡಲೇ ಇಲ್ಲ. ನೋಡಿದೆ ಎಂದು ಕೋರ್ಟಿನಲ್ಲಿ ಹೇಳಿದೆ. ಸುಳ್ಳು ಹೇಳಿದೆ — ನಡೆದದ್ದು ಇಷ್ಟೇ. ಅವನು ಕದ್ದನೋ ಇಲ್ಲವೋ ನನಗೇನು ಗೊತ್ತು? ನಾನು ನೋಡಲಿಲ್ಲ ಅನ್ನುವುದು ಮಾತ್ರ ಗೊತ್ತಿತ್ತು.

ಆಗ ಠಾಣೆಯ ಎದುರಿಗೇ ನನ್ನ ಇಡ್ಲಿ ಅಂಗಡಿ. ಏನಾದರೂ ಸಿಕ್ಕಿದರೆ ಪೊಲೀಸರು ಮಹಜರು ಬರೆಯಬೇಕು, ಕಣ್ಣಾರೆ ಕಂಡೆವೆಂದು ಇಬ್ಬರು ರುಜು ಹಾಕಬೇಕು. ಬಿಸಿಲಲ್ಲಿ ಸಾಕ್ಷಿ ಹುಡುಕಿಕೊಂಡು ಅಲೆಯುವವರು ಯಾರು? ರಸ್ತೆ ದಾಟಿದರೆ ನಾನಿದ್ದೆ. ಬರೆದು ಮುಗಿಸಿದ ಕಾಗದಕ್ಕೆ ಠಾಣೆಯಲ್ಲೇ ರುಜು ಹಾಕಿ, ಇಡ್ಲಿ ಬೇಯುವಷ್ಟರಲ್ಲಿ ವಾಪಸು ಬರುತ್ತಿದ್ದೆ. ಎರಡನೇ ಕ್ಲಾಸು ಓದಿದವಳು. ನನ್ನ ರುಜು ಬೇಕೆಂದು ಕುರ್ಚಿ ಹಾಕುತ್ತಿದ್ದರು — ಬೇರೆ ಯಾರು ಹಾಕಿದ್ದರು?

ಕೋಲಾರದ ಕೋರ್ಟಿನಲ್ಲಿ ಮುನಿರಾಜುವಿನ ವಕೀಲರು, ಅವನ ಮನೆ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದರು. ಪೂರ್ವಕ್ಕೆ ಅಂದೆ. ಇದ್ದದ್ದು ದಕ್ಷಿಣಕ್ಕೆ. ಅಲ್ಲಿಯ ಜಡ್ಜು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದರೋಡೆ ಕೇಸಿನಲ್ಲಿ ಅವನಿಗೆ ಶಿಕ್ಷೆಯಾಯಿತು. ಅವನು ಒಳಗಿದ್ದಾಗಲೇ ಮಗಳು ಹುಟ್ಟಿದಳು. ಹೆಂಡತಿ ಮೇಲ್ಮನವಿ ಹಾಕಿಸಿದಳು. ಮೂರು ವರ್ಷದ ಮೇಲೆ ಬೆಂಗಳೂರಿನ ಹೈಕೋರ್ಟು ನನ್ನ ಆ ಒಂದು ಮಾತನ್ನೇ ಹಿಡಿಯಿತು. ಈ ಹೆಂಗಸು ಜಾಗಕ್ಕೇ ಹೋಗಿಲ್ಲ, ಇಂಥ ಮಹಜರು ನಂಬಿ ಯಾರನ್ನೂ ಜೈಲಿನಲ್ಲಿಡುವಂತಿಲ್ಲ ಎಂದು ಬರೆದು ಅವನನ್ನು ಬಿಡಿಸಿತು. ಈಗಲೂ ಬಂಗಾರಪೇಟೆಯ ವಕೀಲರು ಬೇರೆಯವರ ಕೇಸಿನಲ್ಲಿ ಆ ತೀರ್ಪು ಓದಿ ತೋರಿಸುತ್ತಾರಂತೆ. ಪೊಲೀಸರೂ ಸಾಕ್ಷಿಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಜಾಗಕ್ಕೇ ಹೋಗುತ್ತಾರೆ. ಒಳ್ಳೆಯದೇ ಆಯಿತು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ನಾನು ಮುಚ್ಚಿಟ್ಟದ್ದು ಬೇರೆ.

ಬಿಡುಗಡೆಯಾದ ವಾರ ಅವನು ಅಂಗಡಿಗೆ ಬಂದ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಅಂದುಕೊಂಡೆ. ಬೆಂಚಿನ ಮೇಲೆ ಕೂತು, "ನೀನೇನ್ ಮಾಡ್ತೀಯ ದೊಡ್ಡಮ್ಮ, ಪೊಲೀಸ್ನೋರು ಎದರ್ಸಿರ್ತಾರೆ" ಅಂದ. ಯಾರೂ ಹೆದರಿಸಿರಲಿಲ್ಲ. ಹಾಗಂತ ಹೇಳಬೇಕಿತ್ತು, ಆಗಲೇ — ಅವನ ತಟ್ಟೆಗೆ ಇನ್ನೆರಡು ಇಡ್ಲಿ ಹಾಕಿದೆ.

ಇಪ್ಪತ್ತು ವರ್ಷ ಹಾಯಾಗಿಯೇ ಇದ್ದೆ. ಮೊಣಕಾಲು ಬಿಟ್ಟರೆ ನನಗೇನೂ ಕೊರತೆಯಿಲ್ಲ. ನಿದ್ದೆಗೆಟ್ಟೆ ಅಂದರೆ ಅದೂ ಸುಳ್ಳೇ.

ಮೊನ್ನೆ ಅವನ ಮಗಳ ಮದುವೆಗೆ ನನ್ನನ್ನೂ ಕರೆದಿದ್ದ. ಅವನ ಜೈಲಿನ ಕತೆ ಬೀಗರಿಗೂ ಗೊತ್ತಿತ್ತು. ಊಟದ ಸಾಲಿನಲ್ಲಿ ಬೀಗಿತ್ತಿ, ಸಾಕ್ಷಿ ಹೇಳಿದ ಮಹಾತಾಯಿ ಇವಳೇನಾ ಎಂದು ಕುಟುಕಿದಳು. ಮುನಿರಾಜು ಸಾರಿನ ಬಕೆಟ್ಟು ಕೆಳಗಿಟ್ಟು, ಪಾಪದ ಹೆಂಗಸನ್ನು ಹೆದರಿಸಿ ಹೇಳಿಸಿದರು, ಅವಳನ್ನು ಏನೂ ಅನ್ನಬೇಡಿ ಅಂದ. ಮಗಳಿಗೆ ಅತ್ತೆಯಾಗುವವಳ ಜೊತೆ ಅವನು ನನಗಾಗಿ ಜಗಳಕ್ಕೆ ನಿಂತಿದ್ದ. ಬೀಗಿತ್ತಿ ನಾಚಿ ನನ್ನ ಕೈ ಹಿಡಿದುಕೊಂಡಳು. ನಾನು — ಊಟ ಮುಗಿಸಿ ಎದ್ದೆ.

ಮಾರನೆಯ ಬೆಳಿಗ್ಗೆ ಅವನ ಊರಿನ ಹಾಲಿನ ಡೈರಿಗೆ ಹೋದೆ. ಮಗಳ ಮದುವೆಯಾದರೇನು, ಅವನು ಹಸು ಕರೆಯಬೇಕಲ್ಲ. ಕ್ಯಾನು ಹಿಡಿದು ಅವನು ಸಾಲಿನಲ್ಲಿದ್ದ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ನನ್ನ ಯಾರೂ ಎದರ್ಸ್ಲಿಲ್ಲ ಕಣಪ್ಪ. ನಾನಾಗೇ ಸುಳ್ ಏಳ್ದೆ."

ಅವನು ಕ್ಯಾನನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಸಾಲು ಮುಂದೆ ಸರಿಯಿತು, ಅವನೂ ಸರಿದ. ಅವನ ಹಾಲು ಅಳೆದು ಮುಗಿಯುವ ತನಕ ನಾನು ಅಲ್ಲೇ ನಿಂತಿದ್ದೆ.