ಅಕ್ಕೋರ ಹಿತ್ತಲಿನ ಕರಿಕೆ

ಕೊಡವನ್ನು ಸೊಂಟಕ್ಕೆ ಒರಗಿಸಿಕೊಂಡು, ಬಲಗೈಯ ಬೆರಳುಗಳನ್ನು ಜರಡಿಯ ಹಾಗೆ ಅಗಲಿಸಿ ಕೊಡದ ಬಾಯಿಗೆ ಅಡ್ಡ ಹಿಡಿದು, ಆ ಸಂದುಗಳಿಂದ ಅಕ್ಕೋರು ನೀರು ಬಿಡುತ್ತಿದ್ದರು. ಸೀಮೆಸುಣ್ಣ ಹಿಡಿದು ಹಿಡಿದು ಒರಟಾದ ಬೆರಳುಗಳು. ಹುಲ್ಲು ಹೊಸದಾಗಿ ನೆಟ್ಟದ್ದು, ನೀರು ಧಾರೆಯಾಗಿ ಬಿದ್ದರೆ ಬೇರು ಮೇಲೇಳುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ನಾನು ಪಕ್ಕದಲ್ಲಿ ನಿಂತು ಏನೇನು ಕೆಡಬಹುದು ಎಂದು ಯೋಚಿಸುತ್ತಿದ್ದೆ. ಭೂತನಾಳ ಕೆರೆಯ ನೀರು ನಳಕ್ಕೆ ಬಾರದೇ ಹೋಗಬಹುದು. ಬಂದರೂ ಕರಿಮಣ್ಣು ಬಿರಿದು, ನೀರೆಲ್ಲ ಬಿರುಕಿಗಿಳಿದು ಪಾತಾಳ ಸೇರಬಹುದು. ಬಿರಿಯದಿದ್ದರೆ ನೀರು ನಿಂತು ಬೇರು ಕೊಳೆಯಬಹುದು. ಓಣಿಯ ಆಡು ಗೋಡೆ ಹಾರಬಹುದು. ಕೋಳಿ ಕೆದರಬಹುದು, ಗೆದ್ದಲು ಹತ್ತಬಹುದು. ನಮ್ಮ ಬಿಜಾಪುರದ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಸುಟ್ಟು ಕಸಬರಿಗೆಯ ಬಣ್ಣವಾಗಬಹುದು. ಇಷ್ಟೂ ಆಗಿ, ಕೊನೆಗೆ ತಪ್ಪು ನನ್ನದೆಂದು ಆಗಬಹುದು.

"ಮುಗೀತೇನು ತಮ್ಮಾ?" ಎಂದು ಅಕ್ಕೋರು ಕೇಳಿದರು. ಇದನ್ನೆಲ್ಲ ನಾನು ಬಾಯಿಬಿಟ್ಟೇ ಹೇಳುತ್ತಿದ್ದೆ ಎಂಬುದು ಆಗ ನನಗೆ ಗೊತ್ತಾಯಿತು.

"ಮುಗೀತ್ರಿ."

"ಹಂಗಾರ ಕೊಡಾ ಹಿಡಿ. ಮೊದಲ ಮಾಡು, ಆಮ್ಯಾಲ ಅಂಜು."

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಟಿಕೋಟಾದಿಂದ ಬಂದು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ, ಹೊಸದಾಗಿ ಮದುವೆಯಾಗಿತ್ತು. ನಮ್ಮ ಬಾಡಿಗೆ ಮನೆಗೂ ಅಕ್ಕೋರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅವರು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದರು. ಓಣಿಗೆಲ್ಲ ಅವರು ಅಕ್ಕೋರೇ. ದಾರಿಯಲ್ಲಿ ಬುರ್ಖಾ ಹಾಕಿದ ಹತ್ತು ಮಂದಿ ಬರುತ್ತಿದ್ದರೂ ಇವರನ್ನು ನಡಿಗೆಯಿಂದಲೇ ಗುರುತಿಸಬಹುದಿತ್ತು. ಸಾಲೆಯ ಗಂಟೆ ಬಾರಿಸುವುದರೊಳಗೆ ಮುಟ್ಟಲೇಬೇಕೆಂಬ ಹಾಗೆ, ಸಂತೆಗೂ ಹಾಗೆಯೇ ನಡೆಯುತ್ತಿದ್ದರು.

ಅವರ ಯಜಮಾನರನ್ನು ನಾನು ಚಾಚಾ ಎನ್ನುತ್ತಿದ್ದೆ. ಚಾಚಾ ಬಬಲೇಶ್ವರದಲ್ಲಿ ಒಕ್ಕಲುತನ ಮಾಡುವವರು. ಅಕ್ಕೋರು ಸಾಲೆಗಾಗಿ ಬಿಜಾಪುರದಲ್ಲಿ, ಅವರು ಹೊಲಕ್ಕಾಗಿ ಅಲ್ಲಿ. ಇಬ್ಬರ ಸಂಸಾರ ಬಹಳ ವರ್ಷ ಬಸ್ಸಿನ ಮೇಲೆಯೇ ನಡೆದಿತ್ತು. ಒಂದು ದಿನ ಹೊಲದಲ್ಲೇ ಅವರಿಗೆ ಲಕ್ವಾ ಹೊಡೆಯಿತು. ಮಿರಜಕ್ಕೆ ಒಯ್ದು, ಬದುಕಿಸಿ, ಇಲ್ಲಿಗೆ ಕರೆತಂದರು. ಬಲಗಾಲು ಎಳೆಯುತ್ತಿತ್ತು. ಬಲಗೈಯ ಬೆರಳುಗಳು ಮಡಚಿಕೊಂಡು ಬಿಚ್ಚಲೊಲ್ಲವು. ಎಡಗೈಯಿಂದ ಉಣ್ಣಲು ಅವರು ಸುತರಾಂ ಒಪ್ಪಲಿಲ್ಲ. ಹೀಗಾಗಿ ಅಕ್ಕೋರು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಡಬೇಕು. ಅವರು ಗೋಡೆಯ ಕಡೆ ನೋಡುತ್ತಾ ತಿನ್ನುತ್ತಿದ್ದರು. ಬರಬರುತ್ತ ಎರಡು ತುತ್ತಿಗೇ ಸಾಕೆನ್ನುವುದಾಯಿತು.

"ತಾ ಮುರದ ತಿಂದ್ರ ತಿಂತಾರ, ಇಲ್ಲಂದ್ರ ಹಿಂಗ ಉಪವಾಸ ಬಿದ್ದ ಸಾಯ್ತಾರ," ಎಂದು ಒಮ್ಮೆ ಅಕ್ಕೋರು ಗೋಡೆಯ ಹತ್ತಿರ ನಿಂತು ನನ್ನ ಹೆಂಡತಿಗೆ ಹೇಳಿದರು. ಅಳಲಿಲ್ಲ. ಹಾಜರಿ ಕೂಗಿದ ಹಾಗೆ ಹೇಳಿದರು.

ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ನರಗಳಿಗೆ ಒಳ್ಳೆಯದೆಂದು ಡಾಕ್ಟರರು ಅಂದಿದ್ದರಂತೆ. ಗೋಳಗುಮ್ಮಟದ ಮುಂದಿನ ಹುಲ್ಲುಹಾಸಿಗೆ ಟಾಂಗಾದಲ್ಲಿ ಕರೆದೊಯ್ಯುತ್ತೇನೆಂದು ಅಕ್ಕೋರು ಅಂದರೆ ಚಾಚಾ, "ಮಂದಿ ಮುಂದ ಕಾಲ ಎಳಕೋತ ಅಡ್ಡಾಡಾಕ ನಾ ಏನ ಸರ್ಕಸ್ಸಿನವನೇನ?" ಎಂದು ಮಲಗಿಬಿಟ್ಟರು. ಅಕ್ಕೋರು ಪರಿಚಯದ ಮಾಲಿಯೊಬ್ಬನಿಂದ ಒಂದು ಚೀಲ ಬೇರುಬಳ್ಳಿ ತರಿಸಿ, ಹಿತ್ತಲನ್ನು ಅಗೆಸಿ, ಸಾಲು ಹಿಡಿದು ನೆಟ್ಟರು. ಅವರ ಸಾಲೆ ಮುಂಜಾನೆಯದು, ನಳ ಬರುವುದೂ ಮುಂಜಾನೆಯೇ. ನೀರು ಹಾಕುವ ಕೆಲಸ ನನಗೆ ಬಂತು.

"ಮನ್ಯಾಗ ಕುಡ್ಯಾಕ ಕೊಡಾ ತುಂಬಿಲ್ಲ, ಸಾಹೇಬ್ರು ಹುಲ್ಲಿಗೆ ಜಳಕಾ ಮಾಡಸಾಕ ಹೊಂಟ್ರು," ಎನ್ನುತ್ತಿದ್ದಳು ನನ್ನ ಹೆಂಡತಿ.

ನನಗೆ ಆ ಹುಲ್ಲು ಅರ್ಥವೇ ಆಗಲಿಲ್ಲ. ತುದಿ ಹಳದಿಯಾದರೆ ನೀರು ಕಡಿಮೆಯಾಯಿತೋ ಹೆಚ್ಚಾಯಿತೋ? ಕಚೇರಿಯಲ್ಲಿ ಒಬ್ಬರು ಕಡಿಮೆ ಎಂದರು, ಮತ್ತೊಬ್ಬರು ಹೆಚ್ಚು ಎಂದರು. ಇಬ್ಬರ ಮಾತನ್ನೂ ದಿನ ಬಿಟ್ಟು ದಿನ ಪಾಲಿಸಿದೆ. ಸಂಜೆ ನಾನು ಕಚೇರಿಯಿಂದ ಬಂದರೆ ಅಕ್ಕೋರು ಬೆರಳನ್ನು ಮಣ್ಣಿಗೆ ಚುಚ್ಚಿ, ಹೊರತೆಗೆದು, ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. "ಮೂಸಿ ನೋಡು. ಏನ ತಿಳೀತು?" ನನಗೆ ಏನೂ ತಿಳಿಯುತ್ತಿರಲಿಲ್ಲ. "ನನಗೂ ತಿಳಿಯಂಗಿಲ್ಲ. ಆದ್ರೂ ಮಾಲಿ ಹಂಗ ಮಾಡತಿದ್ದಾ," ಎಂದು ನಗುತ್ತಿದ್ದರು.

ಹೇಗೋ ಹುಲ್ಲು ಹತ್ತಿತು. ಸಾಲುಗಳ ನಡುವೆ ಬಳ್ಳಿ ಚಾಚಿ, ಹಿತ್ತಲೆಲ್ಲ ಹಸಿರಾಯಿತು. ಒಂದು ಮುಂಜಾನೆ ಅಕ್ಕೋರು ಚಾಚಾರನ್ನು ಮೊದಲ ಸಲ ಹಿಂದಿನ ಬಾಗಿಲಿಗೆ ಕರೆತಂದು, ಕುರ್ಚಿಯಲ್ಲಿ ಕೂರಿಸಿ, "ಸಾಲಿಯಿಂದ ಬಂದು ನಡಸ್ತೀನಿ, ತಮ್ಮಾ, ಒಂದಿಷ್ಟ ನೋಡು," ಎಂದು ಹೇಳಿ ಹೋದರು. ಅಂದು ಕಚೇರಿಗೆ ರಜೆ ಹಾಕಿ ನಾನು ಕೊಡದೊಂದಿಗೆ ನಿಂತಿದ್ದೆ. ಚಾಚಾ ಹುಲ್ಲನ್ನು ನೋಡಿದರು. ಬಗ್ಗಿ ಮತ್ತೆ ನೋಡಿದರು.

"ಲೇ ತಮ್ಮಾ, ಇದು ಕರಕಿ!"

ಬಬಲೇಶ್ವರದ ಕರಿಮಣ್ಣಿನ ಹೊಲದಲ್ಲಿ ಕರಿಕೆಯೆಂದರೆ ಏನೆಂದು ನನಗೆ ಗೊತ್ತಾದದ್ದು ಅಂದು. ಟಿಕೋಟಾದಂಥ ಹಳ್ಳಿಯವನಾದರೂ ನಮ್ಮದು ಬಟ್ಟೆಯ ಅಂಗಡಿ. ಕರಿಕೆ ನನಗೆ ಗಣಪ್ಪನ ಪೂಜೆಯ ತಾಟಿನಲ್ಲಿ ಮಾತ್ರ ಪರಿಚಯ. ಪ್ಯಾಟೆಯಲ್ಲಿ ಹುಟ್ಟಿದ ಅಕ್ಕೋರಿಗೆ ಅದು ಬರೀ ಹುಲ್ಲು. ಚಾಚಾರಿಗೆ ಅದು ಮನೆತನದ ವೈರಿ. ಅಪ್ಪ ಅಗೆದು ಸುಸ್ತಾಗಿ ಮಗನಿಗೆ ಬಿಟ್ಟು ಹೋಗುವ ಕಳೆ ಅದು. ಹೆಂಡತಿ ಅದನ್ನು ಸಾಲು ಹಿಡಿದು ನೆಟ್ಟಿದ್ದಳು, ನೆರೆಯವ ಅದಕ್ಕೆ ನೀರು ಹಾಕುತ್ತಿದ್ದ!

ನಾನು ಬಾಯಿ ತೆರೆಯುವುದರೊಳಗೆ ಅವರು ಕುರ್ಚಿಯಿಂದ ಜಾರಿ ನೆಲಕ್ಕೆ ಕುಳಿತಾಗಿತ್ತು. ಬಿದ್ದರೆಂದೇ ನಾನು ಕೂಗಿದೆ. ಅವರು ಎಡಗೈಯಿಂದ ಒಂದು ಬಳ್ಳಿ ಎಳೆದರು. ಅದು ಬುಡಕ್ಕೆ ಹರಿಯಿತು. ಬೇರು ಒಳಗೇ ಉಳಿದದ್ದನ್ನು ಅವರಿಗೆ ಸಹಿಸಲಾಗಲಿಲ್ಲ. ಮಡಚಿದ್ದ ಬಲಗೈ ತಾನಾಗಿ ಮುಂದೆ ಬಂದು, ಬೆರಳುಗಳು ಕೊಕ್ಕೆಯ ಹಾಗೆ ಬೇರಿಗೆ ಸಿಕ್ಕಿಕೊಂಡವು. ಜಗ್ಗಿದರು. ಬಂತು. ಈಗ ಅದನ್ನು ಬಿಸಾಡಲು ಬೆರಳು ಬಿಚ್ಚಬೇಕಲ್ಲ? ಕೈ ಜಾಡಿಸಿದರು, ಬೈದರು, ಮತ್ತೆ ಜಾಡಿಸಿದರು. ಅದಕ್ಕೇ ಅರ್ಧ ತಾಸು ಹೋಯಿತು.

ನಾನೇನು ಮಾಡಬೇಕಿತ್ತು? ತಡೆದರೆ ಚಾಚಾರಿಗೆ ಸಿಟ್ಟು, ತಡೆಯದಿದ್ದರೆ ಅಕ್ಕೋರಿಗೆ. ಕಿತ್ತ ಜಾಗಕ್ಕೆ ನೀರು ಹಾಕಬೇಕೋ ಬೇಡವೋ ಅದೂ ತಿಳಿಯಲಿಲ್ಲ. ಒಂದಿಷ್ಟು ಹಾಕಿದೆ.

ಮಧ್ಯಾಹ್ನ ಅಕ್ಕೋರು ಬಂದರು. ಹಿಂದಿನ ಬಾಗಿಲಲ್ಲಿ ನಿಂತರು. ಮಣ್ಣು ಮೆತ್ತಿದ ಗಂಡ, ನಡುವೆ ಬೋಳಾದ ಹುಲ್ಲು. ಗೋಡೆಯಾಚೆಯಿಂದ ನಾನು ಇಣುಕಿ ನೋಡುತ್ತಿದ್ದೆ. ಅವರ ಕಣ್ಣು ಬಹಳ ಹೊತ್ತು ಚಾಚಾರ ಬಲಗೈಯ ಮೇಲೆಯೇ ಇತ್ತು. ಆಮೇಲೆ ಒಳಗೆ ಹೋದರು. ಸಂಜೆ ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿದರು.

"ನಾಳೆ ಇನ್ನೊಂದೆರಡು ಕೊಡಾ ಜಾಸ್ತಿ ಹಾಕು."

"ಅಕ್ಕೋರ, ಚಾಚಾ ಕೀಳಾಕತ್ತಾರಲ್ರಿ?"

"ಅದಕ್ಕ ಹೇಳಾಕತ್ತೀನಿ. ಕೀಳಾಕ ಇರಬೇಕಲ್ಲ. ಅವರಿಗೆ ಹೇಳಬ್ಯಾಡ ಮತ್ತ."

ಹೀಗೆ ಶುರುವಾದದ್ದು ತಿಂಗಳುಗಟ್ಟಲೆ ನಡೆಯಿತು. ಚಾಚಾ ಏಳುವ ಮೊದಲು ನಾನು ನೀರು ಹಾಕುವುದು, ಎದ್ದ ಮೇಲೆ ಅವರು ಕೀಳುವುದು. ಅಕ್ಕೋರು ಕಿತ್ತ ಬಳ್ಳಿಗಳನ್ನು ಕಸಕ್ಕೆ ಒಯ್ಯುವ ನೆಪದಲ್ಲಿ ಒಂದೆರಡನ್ನು ಮೂಲೆಯಲ್ಲಿ ಮತ್ತೆ ಒತ್ತಿ ಬರುತ್ತಿದ್ದರು. ಒಂದು ದಿನ ನಾನು ಕೊಡದ ಸಮೇತ ಸಿಕ್ಕಿಬಿದ್ದೆ.

"ಕರಕಿಗೆ ನೀರ ಹಾಕೋ ನಿನ್ನಂಥಾ ಶ್ಯಾಣ್ಯಾನ್ನ ನಮ್ಮ ಕಡೆ ಯಾರೂ ಹಡದಿಲ್ಲ ಬಿಡು," ಎಂದರು ಚಾಚಾ. "ಹ್ಯಾಂಗ ಸರಕಾರ ನಡಸ್ತೀರೋ ನೀವು!"

ನಾನು ಅಕ್ಕೋರ ಮುಖ ನೋಡಿದೆ. ಅವರು, "ಸಣ್ಣಾಂವ, ತಿಳಿಯಂಗಿಲ್ಲ, ಬಿಡ್ರಿ," ಎಂದು ನನ್ನನ್ನು ಪೂರ್ತಿ ಕೈಬಿಟ್ಟರು.

ಮಳೆಗಾಲ ಮುಗಿಯುವ ಹೊತ್ತಿಗೆ ಹಿತ್ತಲು ಹೆಚ್ಚುಕಡಿಮೆ ಬಯಲಾಗಿತ್ತು. ಗೋಡೆಯ ಬುಡದಲ್ಲಿ ಒಂದು ಗೇಣು ಹಸಿರು ಉಳಿದಿತ್ತು. ಚಾಚಾರಿಗೆ ಬಿಟ್ಟುಹೋಗಿದೆಯೆಂದು ತೋರಿಸಿದೆ. "ಅದನ್ನ ಮುಟ್ಟಬ್ಯಾಡ. ಬೀಜಕ್ಕ ಇರಲಿ," ಎಂದರು. ಕಳೆಗೆ ಯಾರಾದರೂ ಬೀಜ ಉಳಿಸುತ್ತಾರೆಯೇ? ಅವರಿಗೆ ಎಲ್ಲ ಗೊತ್ತಿತ್ತೇ? ಮೊದಲಿನಿಂದಲೂ? ಇಬ್ಬರಲ್ಲಿ ಯಾರು ಯಾರನ್ನು ಆಡಿಸುತ್ತಿದ್ದರು, ನಡುವೆ ನಾನೇಕೆ ಕೊಡ ಹೊರುತ್ತಿದ್ದೆ, ಇಂದಿಗೂ ನನಗೆ ಬಗೆಹರಿದಿಲ್ಲ.

ಆ ಚಳಿಗಾಲದಲ್ಲಿ ಅಕ್ಕೋರು ನಮ್ಮಿಬ್ಬರನ್ನು ಊಟಕ್ಕೆ ಕರೆದರು. ತಾಟು ಬಂದಾಗ ಚಾಚಾ ಬಲಗೈಯಿಂದ ರೊಟ್ಟಿಯನ್ನು ಒತ್ತಿ ಮುರಿದರು. ಸರಿಯಾಗಿ ಮುರಿಯಲಿಲ್ಲ, ಚೂರು ಚೂರಾಗಿ ಅರ್ಧ ನೆಲಕ್ಕೆ ಬಿತ್ತು. ಅಕ್ಕೋರು ನನ್ನ ಹೆಂಡತಿಯ ಜೊತೆ ಬದನೆಕಾಯಿಯ ದರದ ವಿಚಾರ ಮಾತಾಡುತ್ತಲೇ ಇನ್ನೊಂದು ರೊಟ್ಟಿ ಹಾಕಿದರು. ಅದನ್ನೂ ಚಾಚಾರೇ ಮುರಿದರು. ಕಾಲು ಮಾತ್ರ ಕೊನೆಯವರೆಗೂ ಎಳೆಯಿತು. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಲು ಹುಲ್ಲೇ ಉಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ಅಕ್ಕೋರೇ ಮೊದಲು ಹೋದರು, ಜ್ವರ ಬಂದು, ಯಾರಿಗೂ ತಯಾರಾಗಲು ಬಿಡದೆ. ಮಣ್ಣು ಕೊಡುವಾಗ ಚಾಚಾ ಬಲಗೈಯಿಂದಲೇ ಹಿಡಿ ತುಂಬ ಎತ್ತಿ ಹಾಕಿದರು. ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಅದನ್ನು ನೋಡಿದವನು ನಾನೊಬ್ಬನೇ ಇರಬೇಕು.

ಈಗ ನಾನು ಅಕ್ಕೋರ ಅಂದಿನ ವಯಸ್ಸನ್ನೂ ದಾಟಿದ್ದೇನೆ. ಅದೇ ಮನೆಯಲ್ಲಿದ್ದೇನೆ, ಅಂಜಿಕೆಯನ್ನೂ ಬಿಟ್ಟಿಲ್ಲ. ಆದರೆ ತಪ್ಪು ನನ್ನದೆಂದು ಆದದ್ದೊಂದು ಬಿಟ್ಟರೆ, ಆ ಹಿತ್ತಲಿನ ಸಲುವಾಗಿ ನಾನು ಅಂಜಿದ್ದು ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ಉಳಿದ ಕರಿಕೆ ಗೋಡೆಯ ಬುಡದಲ್ಲಿ ನುಸುಳಿ ನಮ್ಮ ಕಡೆ ಬಂತು, ನನ್ನ ಹೆಂಡತಿಯ ಕೊತ್ತಂಬರಿ ಮಡಿ ಹಾಳಾಯಿತು.