ಮಗಳನ್ನು ಹೊತ್ತು ಸೇತುವೆ ದಾಟಿದವರು

ಮೊನ್ನೆ ಮಗನಿಗೆ ನೆಗಡಿಯಾಗಿತ್ತು. ಎದೆಗೆ ಹಚ್ಚಲೆಂದು ಸೊಸೆ ನೀಲಗಿರಿ ಎಣ್ಣೆಯ ಬಾಟಲಿಯ ಬಿರಡೆ ತೆಗೆದಳು. ಹೊರಗೆ ಹೂಬತ್ತಿ ಹೊಸೆಯುತ್ತ ಕೂತಿದ್ದ ನನಗೆ ವಾಸನೆ ಬಡಿದದ್ದೇ ತಡ, ಕೈ ನಿಂತುಹೋಯಿತು. ಪುಣೆಯ ಸದಾಶಿವ ಪೇಠೆಯಲ್ಲಿ ಹಲವು ಬಿಡಾರಗಳಿದ್ದ ನಮ್ಮ ವಾಡೆ, ಕಲ್ಲು ಹಾಸಿದ ಅಂಗಳ, ಅಂಗಳದಾಚೆ ಎದುರುಮನೆಯ ಅರ್ಧ ತೆರೆದ ಬಾಗಿಲು... ಆ ಬಾಗಿಲಿನಿಂದ ಹಗಲೆಲ್ಲ ಇದೇ ವಾಸನೆ ಬರುತ್ತಿತ್ತು.

ಆ ಮನೆಯವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ನಮ್ಮ ಹಾಗೆ ಅವರೂ ಧಾರವಾಡದ ಕಡೆಯವರು, ರೇಲ್ವೆಯಲ್ಲಿ ಗುಮಾಸ್ತರು. ಹೆಂಡತಿ ಬೇಗ ತೀರಿಕೊಂಡಿದ್ದರಿಂದ ಒಬ್ಬಳೇ ಮಗಳನ್ನು ತಾವೇ ಸಾಕಿದರು. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಕಟ್ಟೆಯ ಮೇಲೆ ಕೂತು ಅವಳಿಗೆ ಜಡೆ ಹಾಕುತ್ತಿದ್ದರು. ಗಂಡಸಿನ ಕೈಯ ಬಿಗಿ ಜಡೆ. ಪಾಪ, ಅವಳ ಹುಬ್ಬೆರಡೂ ಹಣೆಗೆ ಏರಿಬಿಡುತ್ತಿದ್ದವು. ಪ್ರೀತಿಯಿತ್ತು, ಆದರೆ ಬಾಯಲ್ಲಿ ಬರುತ್ತಿರಲಿಲ್ಲ. ಬಾಯಲ್ಲಿ ಬರುತ್ತಿದ್ದದ್ದು ಗದರಿಕೆಯೊಂದೇ.

ಅವಳು ನನಗಿಂತ ದೊಡ್ಡವಳು, ನನಗೆ ಅಕ್ಕ. ಅಕ್ಕ ಓಡುವುದನ್ನು ನೋಡಬೇಕಿತ್ತು! ಬೇಸಿಗೆಯಲ್ಲಿ ಮುಠಾ ನದಿ ಬತ್ತಿದಾಗ ಮರಳಿನ ಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಓಡಿದಳೆಂದರೆ ಪೇಠೆಯ ಗಂಡುಹುಡುಗರೂ ಹಿಂದೆ ಬೀಳುತ್ತಿದ್ದರು. ಒಂದು ಸಂಜೆ ಕಾಕಾ ಅದನ್ನು ಕಂಡರು. ಮನೆಗೆ ಕರೆತಂದು, "ಸಾಕಿನ್ನ ಓಡೋದು. ನಾಳೆ ನಿನ್ನ ನೋಡಾಕ ಬರೋವರು ಏನಂದಾರು?" ಎಂದರು. ಅಷ್ಟೆ. ಅಂದಿನಿಂದ ಅಕ್ಕ ನದಿಗೆ ಇಳಿಯಲಿಲ್ಲ.

ನೋಡಲು ಯಾರೂ ಬರುವ ಮುಂಚೆ ಕೆಮ್ಮು ಬಂತು. ಆಮೇಲೆ ಜ್ವರ, ಕರವಸ್ತ್ರದಲ್ಲಿ ರಕ್ತ. ಕ್ಷಯ ಎಂದರು ಡಾಕ್ಟರು. ಮಿರಜಿನ ಕಡೆಯ ಆಸ್ಪತ್ರೆಯಲ್ಲಿ ಜಾಗ ಸಿಗುವವರೆಗೆ ಮನೆಯಲ್ಲೇ ಮಲಗಿರಬೇಕು ಎಂದರು. ಕಾಕಾ ರಜೆ ಹಾಕಿ ಅವಳ ಬೆನ್ನಿಗೆ ನೀಲಗಿರಿ ಎಣ್ಣೆ ತಿಕ್ಕುತ್ತ ಕೂತುಬಿಟ್ಟರು. ನನ್ನ ಅವ್ವ ನನ್ನನ್ನು ಅವರ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಆ ಚಳಿಗಾಲದಲ್ಲೇ ಪುಣೆಗೆ ದೊಡ್ಡ ಕ್ರೀಡಾಕೂಟ ಬಂತು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ದೇಶದ ಎಲ್ಲ ಪ್ರಾಂತಗಳಿಂದ ಓಟಗಾರರು, ಜಟ್ಟಿಗಳು ಬಂದಿಳಿದರು. ಊರಿಗೆ ಊರೇ ಮದುವೆಮನೆಯಾಯಿತು. ಪೇಠೆಪೇಠೆಗೂ ಮಾವಿನೆಲೆಯ ಕಮಾನು, ಮುಠಾ ನದಿಯ ಸೇತುವೆ ಲಕಡಿ ಪೂಲಿನ ಮೇಲೆ ಉದ್ದಕ್ಕೂ ವಿದ್ಯುದ್ದೀಪ, ದಂಡಿನ ಕ್ಯಾಂಪಿನಿಂದ ಬಂದ ಬ್ಯಾಂಡು. ನಮ್ಮ ಓಣಿಯಲ್ಲಿ ಎತ್ತರದ ಪಂಜಾಬಿಗಳು ಬಗ್ಗಿ ಬಗ್ಗಿ ವಾಡೆಗಳ ಬಾಗಿಲು ನೋಡುತ್ತ ಹೋಗುತ್ತಿದ್ದರು. ನಾನು ದಿನವೂ ಸುತ್ತಿ ಬಂದು ಹೊಸ್ತಿಲಾಚೆ ನಿಂತು ಅಕ್ಕನಿಗೆ ಎಲ್ಲ ಹೇಳುತ್ತಿದ್ದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ನಾಳೆ ಹೆಣ್ಣುಮಕ್ಕಳ ಓಟನೂ ಅದ ಅಂತ," ಎಂದೆ ಒಂದು ದಿನ.

ಅಕ್ಕ ಕಣ್ಣು ತೆರೆದಳು. ಒಳಗೆ ಗಂಜಿ ಆರಿಸುತ್ತಿದ್ದ ಕಾಕಾನನ್ನು ಕರೆದಳು. "ಅಪ್ಪಾ, ನಾ ನೋಡಬೇಕು."

"ಹುಚ್ಚೀ ಏನು? ಆ ಧೂಳಿನ್ಯಾಗ ನಿನಗ ಉಸಿರಾಡಾಕ ಆಗ್ತದೇನು?"

"ಮನ್ಯಾಗರೆ ಎಲ್ಲಿ ಆಗ್ತದ?"

ಕಾಕಾ ಗಂಜಿಯ ಬಟ್ಟಲು ತಂದು ಅವಳಿಗೆ ಒಂದೊಂದೇ ಗುಟುಕು ಕುಡಿಸಿದರು.

ಮರುದಿನ ಮಧ್ಯಾಹ್ನ ವಾಡೆಯ ಮುಂದೆ ಟಾಂಗಾ ನಿಂತಿತು. ಕಾಕಾ ನಮ್ಮ ಮನೆಗೆ ಬಂದು, "ಹುಡಿಗಿ ಜೋಡಿ ಒಬ್ಬ ಹೆಣ್ಮಗಳು ಇದ್ರ ಛಲೋ ಇತ್ರಿ," ಎಂದರು. ರೋಗಕ್ಕೆ ಅಷ್ಟು ಹೆದರುತ್ತಿದ್ದ ಅವ್ವ ಅಂದು ಸೆರಗು ಹೊದ್ದು ಹೊರಟಳು. ನನ್ನನ್ನೂ ಕರೆದುಕೊಂಡಳು.

ಲಕಡಿ ಪೂಲಿನ ಬಳಿ ಪೊಲೀಸರು ಟಾಂಗಾ ತಡೆದರು. ಮುಂದೆ ಬರೀ ಜನ. ವಾಪಸು ಹೋಗೋಣವೇ ಎನ್ನುವಂತೆ ಅವ್ವ ಕಾಕಾನ ಮುಖ ನೋಡಿದಳು. ಕಾಕಾ ಕೋಟು ಬಿಚ್ಚಿ ಅವ್ವನ ಕೈಗೆ ಕೊಟ್ಟರು, ಟಾಂಗಾಕ್ಕೆ ಬೆನ್ನು ಮಾಡಿ ಬಗ್ಗಿದರು. "ಏರವಾ," ಎಂದರು.

ಬೆಳೆದ ಮಗಳು! ಆ ಕಾಲದಲ್ಲಿ ತಂದೆ ಮಗಳು ಬೀದಿಯಲ್ಲಿ ಜೊತೆಗೆ ನಡೆಯುವುದೇ ಅಪರೂಪ. ಜನ ತಿರುಗಿ ನೋಡಿದರು. ಗುಂಪಿನಲ್ಲಿ ಯಾರೋ ಒಬ್ಬ ಮರಾಠಿಯಲ್ಲಿ, "ಮದುವಣಗಿತ್ತಿ ಮೆರವಣಿಗೆ ಹೊರಟದ ನೋಡ್ರೋ!" ಎಂದು ಕೂಗಿ ನಕ್ಕ. ಕಾಕಾ ನಿಂತರು. ಅವನ ಕಡೆ ತಿರುಗಿ, ಅವನ ಭಾಷೆಯಲ್ಲೇ, ಗದರದೆ, "ಹೌದಪ್ಪಾ, ಮೆರವಣಿಗೀನ ಅದ. ದಾರಿ ಬಿಡು," ಎಂದರು. ನಕ್ಕವನು ಅಕ್ಕನ ಮುಖ ನೋಡಿದ. ಮುಂದೆ ಅವನೇ ಕೈ ಅಡ್ಡ ಹಿಡಿದು ಜನರನ್ನು ಸರಿಸುತ್ತ ಮೈದಾನದವರೆಗೆ ಬಂದ.

ಓಟ ಎಷ್ಟು ಬೇಗ ಮುಗಿಯಿತೆಂದರೆ, ಗೆದ್ದವಳು ಯಾವ ಊರಿನವಳೆಂದೂ ನನಗೆ ನೆನಪಿಲ್ಲ. ಎಲ್ಲರಿಗಿಂತ ಹಿಂದೆ ಉಳಿದ ಹುಡುಗಿಯೊಬ್ಬಳ ನೆನಪಿದೆ. ಅಕ್ಕ ಅಪ್ಪನ ಹೆಗಲ ಮೇಲಿಂದ ಅವಳಿಗೆ, "ಕೈ ಬೀಸ! ಕೈ ಬೀಸಿ ಓಡ!" ಎಂದು ಕೂಗಿದಳು. ಆ ಹುಡುಗಿಗೆ ಕನ್ನಡ ಎಲ್ಲಿಂದ ಬರಬೇಕು? ಆದರೂ ಕೂಗಿದಳು. ತಿಂಗಳುಗಳಿಂದ ಪಿಸುಮಾತಾಗಿದ್ದ ದನಿ ಅದು. ಕೂಗಿ, ಕೆಮ್ಮಿ, ಆಮೇಲೆ ನಕ್ಕಳು. ಆ ನಗು... ಅವ್ವ ಮುಖ ಬೇರೆ ಕಡೆ ತಿರುಗಿಸಿಕೊಂಡಳು.

ಕಬ್ಬಿನ ಹಾಲು ಕುಡಿದೆವು. ಮರಳುವಾಗ ಸೇತುವೆಯ ದೀಪಗಳು ಹತ್ತಿದ್ದವು. ನೀರಿನಲ್ಲೂ ದೀಪ. ಅಕ್ಕ ಅಪ್ಪನ ಹೆಗಲಿಗೆ ಗದ್ದ ಊರಿ ಕೇಳಿದಳು, "ಅಪ್ಪಾ, ನಾ ಓಡಿದ್ರ ಗೆಲ್ತಿದ್ದೆ ಅಲ್ಲಾ?"

"ಗೆಲ್ತಿದ್ದಿ," ಎಂದರು ಕಾಕಾ. ಸ್ವಲ್ಪ ದೂರ ನಡೆದು, "ನಾನ ನಿನ್ನ..." ಎಂದು ಶುರುಮಾಡಿದರು. ಅಕ್ಕ ಹಿಂದಿನಿಂದಲೇ ಕೈ ಚಾಚಿ ಅವರ ಬಾಯಿ ಮುಚ್ಚಿದಳು.

ಆ ವಾರ ಕಳೆಯುವುದರೊಳಗೆ ರಕ್ತ ಕಾರಿಕೊಂಡು ಅಕ್ಕ ಹೋಗಿಬಿಟ್ಟಳು. ಆಟಗಾರರು ತಮ್ಮ ತಮ್ಮ ಊರಿಗೆ ಹೋಗಿದ್ದರು, ಆದರೆ ನಮ್ಮ ಓಣಿಯ ಕಮಾನು ಇನ್ನೂ ಬಿಚ್ಚಿರಲಿಲ್ಲ. ಒಣಗಿದ ಮಾವಿನೆಲೆ, ಬಣ್ಣದ ಕಾಗದದ ಮಾಲೆ ತಲೆಗೆ ತಾಗುವಷ್ಟು ಜೋತುಬಿದ್ದಿದ್ದವು. ಅದರ ಕೆಳಗೆ ಚಟ್ಟ ಬಂದಾಗ ಹೊತ್ತವರು ತಡೆದು ನಿಂತರು. ಮುಂದೆ ಬೆಂಕಿಯ ಗಡಿಗೆ ಹಿಡಿದಿದ್ದ ಕಾಕಾ ಹಿಂತಿರುಗಿ ಬಂದು, ಖಾಲಿಯಿದ್ದ ಇನ್ನೊಂದು ಕೈಯಿಂದ ಆ ಮಾಲೆಗಳನ್ನು ಎತ್ತಿ ಹಿಡಿದರು.

ಭೋರ್ ಎಂಬ ಊರಿನಿಂದ ಬಂದ ಕಾಕಾನ ಹಿರಿಯ ಸೋದರಿ ಎಲ್ಲರೆದುರು, "ರೋಗದ ಕೂಸಿಗೆ ಜಾತ್ರಿ ತೋರಿಸಿ ಕೊಂದಿ," ಎಂದು ಎದೆ ಬಡಿದುಕೊಂಡು ಅತ್ತರು. ಕಾಕಾ ತಲೆ ಎತ್ತಲಿಲ್ಲ. ಹದಿಮೂರನೆಯ ದಿನ ಮುಗಿಸಿ ನಮ್ಮ ಬಾಗಿಲಿಗೆ ಬಂದು ಅವ್ವನನ್ನು ಕೇಳಿದರು: "ಆವತ್ತ ನೀವೂ ಇದ್ರಿ. ನಾ ಮಾಡಿದ್ದು ತಪ್ಪೇನ್ರಿ?"

ಅವ್ವ ಏನೋ ಹೇಳಲು ಹೋದಳು. ಅಳು ಬಂತು; ಮಾತು ಬರಲಿಲ್ಲ. "ಇರ್ಲಿ ಬಿಡ್ರಿ," ಎಂದು ಕಾಕಾ ಹೊರಟರು. ಕೆಲವೇ ದಿನಗಳಲ್ಲಿ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಪುಣೆ ಬಿಟ್ಟರು. ಎಲ್ಲಿ, ಹೇಗೆ ಬದುಕಿದರೋ... ಯಾರಿಂದಲೂ ಸುದ್ದಿ ಬರಲಿಲ್ಲ.

ಅವ್ವ ಮುದುಕಿಯಾಗಿ ಹಾಸಿಗೆ ಹಿಡಿದಾಗಲೂ ಒಮ್ಮೊಮ್ಮೆ, "ಹುಡಿಗಿ ಎಷ್ಟು ನಕ್ಕಳು ಅಂತ ಅವರಿಗೆ ಹೇಳಬೇಕಿತ್ತವಾ," ಎನ್ನುತ್ತಿದ್ದಳು. ಈಗ ಅವ್ವನೂ ಇಲ್ಲ. ವಾಡೆ ಕೆಡವಿ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಿದ್ದಾರೆ. ಆ ನಗು ಕಂಡವಳು ನಾನೊಬ್ಬಳೇ ಉಳಿದಿದ್ದೇನೆ. ಕಾಕಾ ಮಾತ್ರ ಅದನ್ನು ಕೇಳಿದ್ದರೇ ಹೊರತು ನೋಡಿರಲಿಲ್ಲ. ಅವಳು ಅವರ ಬೆನ್ನ ಮೇಲಿದ್ದಳಲ್ಲ. ಅವಳ ಮುಖ ಆಗ ಹೇಗಿತ್ತೆಂದು ನಾನು ಹೇಳಬಲ್ಲೆ. ಕೇಳಲು ಅವರಿಲ್ಲ.