ಕೂದಲೆಳೆ ಮೇಸ್ತ್ರಿಯ ಡೊಂಕು ದಾರ

ನಮ್ಮ ಭಾವನಿಗೆ ಅಂಗಡಿಯಲ್ಲಿ ಕೂದಲೆಳೆ ಮೇಸ್ತ್ರಿ ಎಂದೇ ಹೆಸರು. ಏರ್ ರೈಫಲ್ ಮೇಲೆ ಸ್ಕೋಪು ಕೂರಿಸಿ ಗುರಿ ಹೊಂದಿಸಿ ಕೊಡುವುದು ಅವರ ಕೆಲಸ. ಗಿರಾಕಿ "ಸಾಕು ಬಿಡಿ ಮೇಸ್ತ್ರಿ, ಸರಿಹೋಯ್ತು" ಎಂದರೂ ಕೇಳದೆ "ಇನ್ನೊಂದು ಕೂದಲೆಳೆ" ಎನ್ನುತ್ತಾ ಮತ್ತೆ ತಿರುಪಿಗೆ ಕೈ ಹಾಕುತ್ತಿದ್ದರು. ಮನೆಯಲ್ಲಿ ಮಾತ್ರ ಈ ಶಿಸ್ತು ಇಲ್ಲ. ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡು ಇಡೀ ದಿನ ಓಡಾಡುವ ಆಸಾಮಿ.

ನಾನು ಅವರ ಹೆಂಡತಿಯ ತಂಗಿ. ಮದುವೆಯ ಗೋಜಿಗೆ ಹೋಗದೆ ಅಕ್ಕನ ಮನೆಯಲ್ಲೇ ಉಳಿದವಳು. ಅದೇ ಅಂಗಡಿಯ ಕೌಂಟರಿನಲ್ಲಿ ನಿಂತು ಚೆಂಡು, ಬ್ಯಾಟು, ಶೂ ಮಾರುತ್ತೇನೆ. ನನ್ನ ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ. ಜೋರಾಗಿರದಿದ್ದರೆ ಆ ಮನೆಯಲ್ಲಿ ಯಾರೂ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ.

ಅಂಗಡಿಯ ಹಿಂದೆ ಎರಡು ಗೋಡೆಗಳ ನಡುವೆ ಒಂದು ಉದ್ದನೆಯ ಓಣಿಯಿದೆ. ಈ ತುದಿಯಲ್ಲಿ ಮೇಜು, ಮರಳುಚೀಲ. ಆ ತುದಿಯಲ್ಲಿ ಹಲಗೆ, ಅದಕ್ಕೆ ಅಂಟಿಸಿದ ಕಾಗದ, ಕಾಗದದ ನಡುವೆ ಕಪ್ಪು ಚುಕ್ಕೆ. ಭಾವ ಮೊದಲು ಬಿಳಿ ದಾರದ ತುದಿಗೆ ಕಬ್ಬಿಣದ ನಟ್ಟು ಕಟ್ಟಿ ಆ ಕಡೆ ತೂಗುಬಿಡುತ್ತಿದ್ದರು. ರೈಫಲನ್ನು ಈ ಕಡೆ ಮಟ್ಟವಾಗಿ ನಿಲ್ಲಿಸಿ ಸ್ಕೋಪಿನೊಳಗೆ ನೋಡಿದರೆ ಗಾಜಿನಲ್ಲಿ ಒಂದನ್ನೊಂದು ಕತ್ತರಿಸುವ ಎರಡು ಗೆರೆ ಕಾಣುತ್ತವೆ. ಅವುಗಳಲ್ಲಿ ನಿಂತ ಗೆರೆ ದಾರದ ಮೇಲೆ ಸರಿಯಾಗಿ ಕೂರಬೇಕು. ಕೂತ ಮೇಲೆ ತಿರುಪುಗಳನ್ನು ಆ ಮೂಲೆಯದೊಂದು, ಈ ಮೂಲೆಯದೊಂದು ಎಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡುತ್ತಿದ್ದರು. ಆಮೇಲೆ ಗುಂಡು. ಒಂದೇ ಗುಂಡು ಹೊಡೆದು ಸ್ಕೋಪು ತಿರುಗಿಸುವವರನ್ನು ಕಂಡರೆ ಅವರಿಗೆ ಆಗದು. ಐದಾರು ಹೊಡೆದು, ಆ ತೂತುಗಳ ನಡುವನ್ನು ಹುಡುಕಿ, ಅಲ್ಲಿಂದ ಕಪ್ಪು ಚುಕ್ಕೆ ಎಷ್ಟು ದೂರವೋ ಸ್ಕೋಪಿನ ತಿರುಗಣೆಯನ್ನು ಅಷ್ಟು ಕ್ಲಿಕ್ ತಿರುಗಿಸಬೇಕು. ಮತ್ತೆ ಹೊಡೆಯಬೇಕು. ನೋಡುವವರಿಗೆ ಆಕಳಿಕೆ ಬರುವಂಥ ಕೆಲಸ. ಅವರಿಗೆ ಅದೇ ಪ್ರಾಣ.

ಮೊದಲ ದೂರು ತಂದವನು ಗೋದಾಮಿನ ಕಾವಲುಗಾರ. ಇಲಿ ಹೊಡೆಯಲು ರೈಫಲ್ ಇಟ್ಟುಕೊಂಡಿದ್ದ. "ಹತ್ರದಲ್ಲಿ ಸರಿಯಾಗೇ ಬೀಳುತ್ತೆ ಮೇಸ್ತ್ರಿ. ದೂರ ಹೋದಷ್ಟೂ ಪಕ್ಕಕ್ಕೆ ಜಾರುತ್ತೆ" ಎಂದ. ಅವನು ಆಚೆ ಹೋದ ಮೇಲೆ ಭಾವ ನನ್ನ ಕಡೆ ತಿರುಗಿ, "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ" ಎಂದು ನಕ್ಕರು. ನಾನೂ ನಕ್ಕೆ. ಮತ್ತೊಬ್ಬರು ಬಂದರು, ಮಗದೊಬ್ಬರು ಬಂದರು, ದೂರು ಅದೇ. ಭಾವ ಸ್ಕೋಪನ್ನು ಬೈದರು, ತಿರುಪನ್ನು ಬೈದರು, ಗುಂಡು ತಯಾರಿಸುವವರ ವಂಶವನ್ನೇ ಬೈದರು. ಬೈಯುವುದರಲ್ಲೇ ಒಂದು ವರ್ಷ ಕಳೆದುಹೋಯಿತು.

ಒಂದು ಬೆಳಿಗ್ಗೆ ಓಣಿಯಿಂದ ಕೂಗಿದರು. "ಏ ಬಾಯಿಬಡುಕಿ, ಬೇರೆ ದಾರ ತಗೊಂಬಾ. ಇದು ಡೊಂಕಾಗಿದೆ."

"ತೂಗುಬಿಟ್ಟ ದಾರ ಹೇಗೆ ಭಾವ ಡೊಂಕಾಗುತ್ತೆ? ನಟ್ಟು ಕಟ್ಟಿದೀರೋ, ಬಲೂನು ಕಟ್ಟಿದೀರೋ?"

"ನಡುವೆ ನೋಡು. ಹೊಟ್ಟೆ ಬಂದಿದೆ."

ಹೋಗಿ ನೋಡಿದೆ. ಗಾಳಿ ಇರಲಿಲ್ಲ, ನಟ್ಟು ಅಲುಗದೆ ನಿಂತಿತ್ತು, ದಾರ ನೆಟ್ಟಗಿತ್ತು. ಇನ್ನೊಂದು ಕೊಂಕು ನಾಲಿಗೆಯ ತುದಿಗೆ ಬಂದಿತ್ತು, ಅವರ ಮುಖ ನೋಡಿ ನುಂಗಿಕೊಂಡೆ. ಅವರು ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಬಾಗಿಲ ಚೌಕಟ್ಟು ನೋಡಿದರು, ಮೇಜಿನ ಅಂಚು ನೋಡಿದರು. ಅವೂ ಅವರಿಗೆ ಬಾಗಿಯೇ ಕಂಡವು. ಆಮೇಲೆ ಮರಳುಚೀಲದ ಮೇಲೆ ಕೈಯೂರಿ ಕೂತುಬಿಟ್ಟರು.

"ನಿಮ್ಮಕ್ಕನಿಗೆ ಹೇಳಬೇಡ" ಎಂದರು.

ಯಾಕೆ ಎಂದು ನಾನು ಕೇಳಲಿಲ್ಲ. ನಮ್ಮ ಅಮ್ಮ ಕೊನೆಯ ವರ್ಷಗಳಲ್ಲಿ ಕುರುಡಿಯಾಗಿದ್ದಳು. ನಾನು ದುಡಿಯಲು ಹೋಗುತ್ತಿದ್ದೆ. ಉಣ್ಣಿಸಿದ್ದು, ತೊಳೆದದ್ದು, ಕೈ ಹಿಡಿದು ನಡೆಸಿದ್ದು ಎಲ್ಲವೂ ಅಕ್ಕ. ಅಮ್ಮ ಹೋದ ಮೇಲೆ ಅಕ್ಕ ಕಡ್ಡಿ ಮುರಿದಂತೆ ಹೇಳಿದ್ದಳು: "ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ. ಅಂಥದ್ದು ಮತ್ತೆ ಬಂದ್ರೆ ನಾನು ಹುಚ್ಚಿ ಆಗ್ತೀನಿ." ಅದು ಬಾಯಿಮಾತಲ್ಲ. ಈಗಲೂ ನಿದ್ದೆಯಲ್ಲಿ ಬೆಚ್ಚಿಬಿದ್ದು "ಬಂದೆ ಅಮ್ಮ" ಎಂದು ಎದ್ದು ಕೂರುತ್ತಾಳೆ.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವಳು, ಮಾತು ಮೆತ್ತಗೆ. ಕಣ್ಣಿನೊಳಗಿನ ಪರದೆಯ ನಟ್ಟನಡುವೆ ಹಾಳಾಗಿದೆ, ತಡವಾಗಿ ಬಂದಿದ್ದೀರಿ, ಹೋದದ್ದು ವಾಪಸು ಬರುವುದಿಲ್ಲ, ಇನ್ನೊಂದು ಕಣ್ಣಿನಲ್ಲೂ ಶುರುವಾಗಿದೆ ಎಂದಳು. "ಪೂರ್ತಿ ಕತ್ತಲೆ ಆಗಲ್ಲ. ಪಕ್ಕದಲ್ಲಿರೋದು ಕಾಣುತ್ತೆ. ನೇರ ಏನನ್ನ ನೋಡ್ತೀರೋ ಅದು ಮಾತ್ರ ಹೋಗುತ್ತೆ."

"ಸ್ಕೋಪಿಗಾದ್ರೆ ಕ್ಲಿಕ್ ಇರುತ್ತೆ ಡಾಕ್ಟ್ರೇ, ಇದಕ್ಕೆ ಇಲ್ವಾ?" ಎಂದರು ಭಾವ.

ಅವಳು ನಗಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಜೀವಮಾನವೆಲ್ಲ ಒಂದು ಚುಕ್ಕೆಯನ್ನು ನೇರವಾಗಿ ನೋಡಿದ ಮನುಷ್ಯನಿಗೆ, ನೇರ ನೋಡಿದ್ದೇ ಕಾಣದಂಥ ರೋಗ! ಇದನ್ನು ಹಂಚಿದವನು ಯಾವನೇ ಆಗಿರಲಿ, ಎದುರಿಗೆ ಸಿಕ್ಕಿದ್ದರೆ ನೀರಿಳಿಸುತ್ತಿದ್ದೆ.

ಆಮೇಲೆ ಸ್ವಲ್ಪ ಕಾಲ ಓಣಿಯಲ್ಲಿ ಗುಂಡು ಹೊಡೆದವಳು ನಾನು. ಅಂಗಡಿಯ ಯಜಮಾನರು ಊಟಕ್ಕೆ ಹೋದ ಹೊತ್ತು ನೋಡಿ ಭಾವ ನನ್ನನ್ನು ಮೇಜಿನ ಹಿಂದೆ ಕೂರಿಸುತ್ತಿದ್ದರು. "ಉಸಿರು ಅರ್ಧ ಬಿಟ್ಟು ನಿಲ್ಲಿಸು. ಅಷ್ಟು ಬಿಗಿಯಾಗಿ ಹಿಡೀಬೇಡ, ಅದೇನು ಓಡಿಹೋಗುತ್ತಾ?" ಎನ್ನುತ್ತಿದ್ದರು. ನನ್ನ ತೂತುಗಳು ಎಮ್ಮೆ ತುಳಿದ ಹಾಗೆ ಕಾಗದದ ತುಂಬ ಇರುತ್ತಿದ್ದವು. ಯಜಮಾನರು ಒಂದು ದಿನ ಬೇಗ ಬಂದು ನೋಡಿಬಿಟ್ಟರು. ಕೆಟ್ಟವರಲ್ಲ ಅವರು. "ಮೇಸ್ತ್ರಿ, ನೀವಿನ್ನು ಪ್ಯಾಕಿಂಗ್ ನೋಡ್ಕೊಳ್ಳಿ" ಎಂದರು. ಭಾವ ಓಣಿಯ ಬಾಗಿಲು ಹಾಕಿ ಬಂದು ರಟ್ಟಿನ ಪೆಟ್ಟಿಗೆಗಳ ನಡುವೆ ಕೂತರು. ಕೂದಲೆಳೆ ಎಂಬ ಮಾತನ್ನು ಅವರ ಬಾಯಿಂದ ನಾನು ಮತ್ತೆ ಕೇಳಿಲ್ಲ.

ಮನೆಯಲ್ಲಿ ಬೇರೆಯೇ ಕಷ್ಟ. ಎದುರಿಗಿರುವವರ ಮುಖ ಕಾಣಬೇಕಾದರೆ ಭಾವ ಅವರ ಕಿವಿಯಿಂದಾಚೆ ನೋಡಬೇಕಿತ್ತು. ನೇರ ನೋಡಿದರೆ ಮುಖವಿದ್ದ ಜಾಗದಲ್ಲಿ ಬೂದು ಮಬ್ಬು. ಹಾಗಾಗಿ ಅಕ್ಕನನ್ನು ನೋಡಬೇಕು ಎನಿಸಿದಾಗೆಲ್ಲ ಗೋಡೆ ನೋಡುತ್ತಿದ್ದರು. ಅಕ್ಕನಿಗೆ ಅದು ಇನ್ನೇನೋ ಆಗಿ ತೋರಿತು.

"ಮುಖ ಕೊಟ್ಟು ಮಾತಾಡಲ್ಲ ಕಣೇ ಇವರು. ಏನೋ ಮುಚ್ಚಿಡ್ತಿದಾರೆ. ಯಾರಾದ್ರೂ ಇದಾಳಾ?" ಎಂದು ನನ್ನನ್ನೇ ಕೇಳಿದಳು.

"ಈ ಮುಖಕ್ಕೆ ಇನ್ಯಾರಕ್ಕ ಸಿಗ್ತಾರೆ?" ಎಂದೆ. ಅವಳು ನಗಲಿಲ್ಲ.

ಮಾರನೆಯ ದಿನ ಪೆಟ್ಟಿಗೆಗಳ ನಡುವೆ ನಿಂತು ಭಾವನ ಜೊತೆ ಜಗಳವಾಡಿದೆ. "ಹೇಳಿಬಿಡಿ ಭಾವ. ಅವಳ ತಲೆಯಲ್ಲಿ ಸಲ್ಲದ್ದೆಲ್ಲ ಓಡ್ತಿದೆ."

"ಅನುಮಾನ ಪಡಲಿ ಬಿಡು. ಅದನ್ನಾದ್ರೆ ತಡ್ಕೋತಾಳೆ" ಎಂದು ಟೇಪು ಹರಿದು ಪೆಟ್ಟಿಗೆಗೆ ಅಂಟಿಸಿದರು. ಅದು ಸೊಟ್ಟಗೆ ಕೂತಿತು. ನಾನು ಸುಮ್ಮನೆ ಕಿತ್ತು ಮತ್ತೆ ಅಂಟಿಸಿದೆ.

ಒಂದು ಸಂಜೆ ಇಬ್ಬರೂ ಅಂಗಡಿಯಿಂದ ಒಟ್ಟಿಗೆ ಬಂದೆವು. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದಿದ್ದಳಂತೆ. ಮೂಗಿನ ಮೇಲೆ ಇಷ್ಟಗಲದ ಬಿಳಿ ಪಟ್ಟಿ, ಕಣ್ಣಿನ ಕೆಳಗೆಲ್ಲ ಕಪ್ಪುಗಟ್ಟಿತ್ತು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಭಾವ ಮುಂದೆ ಹೋಗಿ ಚೀಲವನ್ನು ಮೊಳೆಗೆ ಸಿಕ್ಕಿಸಿದರು.

"ಇವತ್ತಾದ್ರೂ ನನ್ನ ಮುಖ ನೋಡ್ತೀರಾ?" ಎಂದಳು ಅಕ್ಕ.

ಭಾವ ತಿರುಗಿ, ಅವಳ ಸಮಾಧಾನಕ್ಕೆಂದು, ನೇರವಾಗಿ ಅವಳ ಮುಖದ ಮಧ್ಯಕ್ಕೇ ಕಣ್ಣು ನೆಟ್ಟರು. "ನೋಡ್ತಾ ಇದೀನಲ್ಲ. ಏನೀಗ? ಲಕ್ಷಣವಾಗೇ ಇದೀಯಲ್ಲ."

ನಾನು ತಲೆಯೆತ್ತಿ ಪಟ್ಟಿಯನ್ನು ನೋಡುವಷ್ಟರಲ್ಲಿ ಮಾತು ಮುಗಿದಿತ್ತು. ಅಕ್ಕ ಎದ್ದು ಬಂದು ಅವರ ಕಣ್ಣ ಮುಂದೆ ಬೆರಳು ಹಿಡಿದಳು. ಅಮ್ಮನಿಗೂ ಹೀಗೇ ಹಿಡಿದು ನೋಡಿದ್ದಳು.

"ಯಾವಾಗಿಂದ?" ಎಂದಳು.

ಭಾವ ಎಲ್ಲವನ್ನೂ ಹೇಳಿದರು. ದಾರದ್ದು, ಡಾಕ್ಟರದ್ದು, ಪ್ಯಾಕಿಂಗಿನದ್ದು. ಅಕ್ಕ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಎಷ್ಟೋ ಮೇಲಿತ್ತು. ಅವಳು ಕುರ್ಚಿಗೆ ವಾಪಸು ಹೋಗಿ ಕುಸಿದು ಕೂತಳು.

"ನನ್ನ ಕೈಲಿ ಆಗಲ್ಲ ರೀ. ನಿಮ್ಮ ಹತ್ರ ಸುಳ್ಳು ಹೇಳಲ್ಲ. ನಿಜವಾಗ್ಲೂ ಆಗಲ್ಲ."

"ಗೊತ್ತು" ಎಂದರು ಭಾವ.

ಅವಳು ಆ ಮಾತನ್ನು ವಾಪಸು ತೆಗೆದುಕೊಳ್ಳಲಿ ಎಂದು ನಾನು ಕಾದೆ. ತೆಗೆದುಕೊಳ್ಳಲಿಲ್ಲ. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲವಾದ್ದರಿಂದ ಭಾವ ನಿಧಾನವಾಗಿ ಮುಖವನ್ನು ಕಿಟಕಿಯ ಕಡೆ ಹೊರಳಿಸಿ ಹಾಗೇ ನಿಂತರು.

"ಈಗ್ಲೂ ಅತ್ತ ಏನು ನೋಡ್ತಿದೀರಿ?" ಎಂದಳು ಅಕ್ಕ ಅಳುತ್ತಾ.

"ನಿನ್ನನ್ನೇ ಕಣೇ" ಎಂದರು ಭಾವ. "ಮೂಗಿಗೆ ಏನು ಮಾಡ್ಕೊಂಡೆ?"